ನಾಲ್ಕು ಅಂದರೆ ನಾಲ್ಕೇ

ಆ ಮನೆಯಲ್ಲಿ ಊಟದ ಹೊತ್ತಿಗೆ ಉಪ್ಪಿನ ಡಬ್ಬಿ ಮೇಜಿನ ಕೆಳಗೆ ಓಡಾಡುತ್ತಿತ್ತು. ಅತ್ತೆಯ ಮಡಿಲಿನಿಂದ ಸೊಸೆಯ ಮಡಿಲಿಗೆ, ಸೊಸೆಯ ಮಡಿಲಿನಿಂದ ಮತ್ತೆ ಅತ್ತೆಯ ಮಡಿಲಿಗೆ. ಎದುರಿಗೆ ಕೂತ ಮಗನ ಕಣ್ಣು ತಪ್ಪಿಸಿ ಇಬ್ಬರೂ ಚಿಟಿಕೆ ಚಿಟಿಕೆ ಉದುರಿಸಿಕೊಂಡು ಉಣ್ಣುತ್ತಿದ್ದರು. ಮಗನಿಗೆ ಮಾತ್ರ ಸಪ್ಪೆ ಊಟ. ಇಷ್ಟು ಕೇಳಿ ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯ ಎರಡನೆಯ ಅರ್ಧಕ್ಕಾಗಿ ಆಕೆ ಮೊದಲನೆಯ ಅರ್ಧವನ್ನು ಸ್ವಲ್ಪ ಕಾಲ ಕೈಬಿಟ್ಟಿದ್ದರು, ಅಷ್ಟೆ.

ಆ ಮಗ ಹುಟ್ಟಾ ತಕರಾರಿನ ಮನುಷ್ಯ. ಚಹಾ ಒಂದು ಗುಟುಕು ಕುಡಿದು ‘ಇವತ್ತು ಹಾಲು ಬೇರೆ ಅಂಗಡೀದು’ ಎನ್ನುತ್ತಿದ್ದ; ಅದು ಬೇರೆ ಅಂಗಡಿಯದೇ ಆಗಿರುತ್ತಿತ್ತು. ಬೇಳೆಯಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಅವನ ಹುಬ್ಬು ಮೇಲೇರುತ್ತಿತ್ತು. ಲಿಫ್ಟ್ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಲಿಫ್ಟಿನ ಬಾಗಿಲು ಯಾವಾಗ ತೆಗೆಯಬೇಕು ಯಾವಾಗ ಮುಚ್ಚಬೇಕು ಎಂದು ಹೇಳುವ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ. ಅಂಥ ಕೆಲಸಕ್ಕೆ ಅಂಥ ಮೂಗೇ ಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಈ ತಕರಾರು ತಲೆನೋವಾಗಿತ್ತು, ಆಮೇಲೆ ಅಭ್ಯಾಸವಾಯಿತು, ಕೊನೆಗೆ, ಯಾರಿಗೂ ಹೇಳದಿದ್ದರೂ, ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು.

ಅಂಥವನು ಇದ್ದಕ್ಕಿದ್ದಂತೆ ಎಲ್ಲಕ್ಕೂ ‘ಚೆನ್ನಾಗಿದೆ’ ಎನ್ನತೊಡಗಿದ. ಚಹಾ ಆರಿದ್ದರೂ ಚೆನ್ನಾಗಿದೆ, ಅನ್ನ ಮುದ್ದೆಯಾದರೂ ಚೆನ್ನಾಗಿದೆ. ತಾಯಿಗೆ ಗಾಬರಿಯಾಯಿತು. ಪರೀಕ್ಷಿಸೋಣ ಎಂದು ಒಂದು ದಿನ ಹುರುಳಿಕಾಯಿಗೆ ಬೇಕೆಂದೇ ಉಪ್ಪು ಹಾಕದೆ ಬಡಿಸಿದರು. ಮಗ ತಟ್ಟೆ ಖಾಲಿ ಮಾಡಿ, “ಚೆನ್ನಾಗಿದೆ ಅಮ್ಮಾ,” ಎಂದು ಕೈ ತೊಳೆಯಲು ಎದ್ದ.

“ನೋಡಿದ್ಯೇನೇ?” ಎಂದು ಅತ್ತೆ ಅಡುಗೆಮನೆಯಲ್ಲಿ ಸೊಸೆಯ ಮೊಣಕೈ ಹಿಡಿದರು. “ಇವನ ಬಾಯಿಂದ ಉಪ್ಪಿಲ್ಲ ಅನ್ನೋ ಮಾತು ಬರಬೇಕು. ಬರೋವರೆಗೂ ನಾನು ಉಪ್ಪು ಹಾಕಲ್ಲ.”

“ಅಷ್ಟರಲ್ಲಿ ನಮ್ಮ ಗತಿ ಏನತ್ತೆ?”

“ನಮಗೆ ಬೇರೆ ಡಬ್ಬಿ ಇಟ್ಕೊಳ್ಳೋಣ.”

ಮಗನಿಗೆ ಹೀಗಾಗಲು ಕಾರಣವೇನೆಂದು ಸೊಸೆಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರದ ಒಂದು ಮಾತೂ ಗೊತ್ತಿತ್ತು, ಯಾಕೆಂದರೆ ಅದನ್ನು ಆಡಿದವಳು ಅವಳೇ.

ಕಾರ್ಖಾನೆಯ ಹೊಸ ಲಿಫ್ಟಿನ ಬಾಗಿಲು ಆಗೊಮ್ಮೆ ಈಗೊಮ್ಮೆ ಆತುರ ಮಾಡುತ್ತಿತ್ತು. ಒಳಗೆ ಬರುವವರು ಪೂರ್ತಿ ಬರುವ ಮೊದಲೇ ಮುಚ್ಚಲು ಶುರುಮಾಡುತ್ತಿತ್ತು. ಪುಣ್ಯಕ್ಕೆ ಅದಿನ್ನೂ ಕಾರ್ಖಾನೆಯ ಪರೀಕ್ಷಾ ಗೋಪುರ ಬಿಟ್ಟು ಹೊರಗೆ ಹೋಗಿರಲಿಲ್ಲ. ಗಂಡ ಕಾರಣ ಹುಡುಕಲು ಕೂತ. ಅವನ ಕೈಯಲ್ಲಿದ್ದ ಉಪಕರಣ ಡೀಬಗರ್. ಓಡುತ್ತಿರುವ ಪ್ರೋಗ್ರಾಮನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿ, ‘ಎಲ್ಲಿ, ಜೇಬಿನಲ್ಲಿ ಏನಿದೆ ತೋರಿಸು’ ಎಂದು ಕೇಳುವುದು ಅದರ ಕೆಲಸ. ಆ ಡೀಬಗರ್ ತಯಾರಾಗುತ್ತಿದ್ದದ್ದು ಹೆಂಡತಿಯ ಆಫೀಸಿನಲ್ಲಿ.

“ನಿಮ್ಮ ಡೀಬಗರ್ ಸುಳ್ಳು ಹೇಳುತ್ತೆ ಅನ್ಸುತ್ತೆ ಕಣೇ,” ಎಂದಿದ್ದ ಅವನು ಒಂದು ಸಂಜೆ. “ಗಂಟೆ ಬಾರಿಸೋ ಭಾಗದಲ್ಲಿ ನಿಲ್ಲಿಸ್ತೀನಿ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಿ, ಅಂದ್ರೆ ಗಂಟೆಯನ್ನ ಕರೆದ ಬಾಗಿಲಿನ ಭಾಗಕ್ಕೆ ಬಂದು, ಅಲ್ಲಿ ‘ಹೊತ್ತು’ ಎಷ್ಟಿದೆ ಅಂತ ಕೇಳ್ತೀನಿ. ಇರಬೇಕಾದ್ದು ಒಂದು, ಅದು ತೋರಿಸೋದು ಇನ್ನೊಂದು.”

“ನಮ್ಮ ಪರೀಕ್ಷೆಗಳೆಲ್ಲ ಹಸಿರು ಇವೆ ಕಣ್ರೀ,” ಎಂದಳು ಅವಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ.”

ಅವನು ನಕ್ಕ. ಅತ್ತೆ ಆಗ ಪಕ್ಕದ ಮನೆಯವರ ಜೊತೆ ಬಾಗಿಲಲ್ಲಿ ಮಾತಾಡುತ್ತಿದ್ದುದರಿಂದ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವನು ಡೀಬಗರಿನ ಸುದ್ದಿ ಎತ್ತಲಿಲ್ಲ. ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇರಬೇಕೆಂದು ಅದನ್ನೇ ಬಗೆದ. ಸಿಗದೆ ಹೋದಾಗ ತಪ್ಪು ತನ್ನ ತಲೆಯಲ್ಲೇ ಇರಬೇಕೆಂದು ತೀರ್ಮಾನಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇಲ್ಲಿ ಹೋದದ್ದು ಒಬ್ಬ ಮನುಷ್ಯನಿಗೆ ತನ್ನ ಮೇಲಿದ್ದ ನಂಬಿಕೆ.

ಆ ಶುಕ್ರವಾರ ಬೆಳಿಗ್ಗೆ ಅವನು ಚಪ್ಪಲಿ ಗೂಡಿನ ಮುಂದೆ ಬಗ್ಗಿ ಶೂ ಕಟ್ಟಿಕೊಳ್ಳುತ್ತ, ನೆಲ ನೋಡಿಕೊಂಡೇ ಹೇಳಿದ: “ಸೋಮವಾರ ಸಾಹೇಬರಿಗೆ ಹೇಳಿಬಿಡ್ತೀನಿ. ಬಾಗಿಲಿನ ಕೆಲಸ ಬೇರೆ ಯಾರಿಗಾದ್ರೂ ಕೊಡಿ ಅಂತ. ನನ್ನ ತಲೆ ಮೊದಲಿನ ಹಾಗೆ ಓಡ್ತಿಲ್ಲ.”

“ಅದೆಲ್ಲ ಏನಿಲ್ಲ ರೀ, ಸುಸ್ತಾಗಿದೆ ನಿಮಗೆ.”

“ಹೂಂ, ಇರಬಹುದು,” ಎಂದು ಹೊರಟ. ಅವಳು ‘ಇಲ್ಲ, ಸುಸ್ತಾಗಿಲ್ಲ’ ಎಂಬ ಒಂದು ತಕರಾರಿಗಾಗಿ ಕಾದಳು. ಬರಲಿಲ್ಲ.

ತಪ್ಪುಗಳನ್ನು ಸೋಸಿ ತೆಗೆಯುವುದೇ ಅವಳ ಕೆಲಸವಾದ್ದರಿಂದ ಅವಳನ್ನು ಆಫೀಸಿನಲ್ಲಿ ‘ಜರಡಿ’ ಎಂದು ಕರೆಯುತ್ತಿದ್ದರು. ಹೊಲಿಗೆಯಂತ್ರ ರಿಪೇರಿ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಉದ್ದನೆಯ ಒಂದೇ ಕೋಣೆ. ಮುಚ್ಚಲು ಬಾರದ ಒಂದು ಕಿಟಕಿ, ತೆರೆಯಲು ಬಾರದ ಇನ್ನೊಂದು. ಗೋಡೆಗೆ ಒಂದು ದೊಡ್ಡ ಪರದೆ. ಡೀಬಗರಿನ ಒಂದೊಂದು ಪರೀಕ್ಷೆಗೂ ಅದರಲ್ಲಿ ಒಂದೊಂದು ಚೌಕ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆ ಪರದೆ ಎಷ್ಟೋ ಕಾಲದಿಂದ ಹಸಿರಾಗೇ ಇತ್ತು. ಅದನ್ನು ನೋಡಿ ಎಲ್ಲರ ಹೊಟ್ಟೆಯೂ ತಂಪಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು.

ಪರೀಕ್ಷೆ ಎಂದರೆ ಇಷ್ಟೇ: ಯಂತ್ರವೇ ಡೀಬಗರಿಗೆ ಒಂದು ಪ್ರಶ್ನೆ ಕೇಳುತ್ತದೆ, ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ಒಂದು ಪ್ಯಾಟರ್ನಿಗೆ ಹೋಲಿಸುತ್ತದೆ. ಹೊಂದಿದರೆ ಹಸಿರು. ಪ್ಯಾಟರ್ನಿನಲ್ಲಿ ಒಂದು ಚುಕ್ಕಿ, ಅದರ ಪಕ್ಕ ಒಂದು ನಕ್ಷತ್ರ ಇಟ್ಟರೆ ‘ಇಲ್ಲಿ ಏನು ಬಂದರೂ ಸರಿ’ ಎಂದು ಅರ್ಥ. ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಹಿಂದಿನವರು ಆತುರದಲ್ಲಿ, ಹಿಂದಿನವರ ಹಿಂದಿನವರು ಸೋಮಾರಿತನದಲ್ಲಿ, ಕಂಡಕಂಡಲ್ಲಿ ಚುಕ್ಕಿ ನಕ್ಷತ್ರ ಹಾಕಿ ಹೋಗಿದ್ದರು. ಒಮ್ಮೆ ಡೀಬಗರ್ ಶುರುವಾಗಲಿಕ್ಕೇ ಆಗದೆ ‘ನನ್ನಿಂದಾಗದು’ ಎಂದು ಬಿದ್ದುಕೊಂಡಿದ್ದಾಗಲೂ ಒಂದು ಪರೀಕ್ಷೆ ಹಸಿರು ತೋರಿಸಿಬಿಟ್ಟಿತು. ಉತ್ತರ ಏನೋ ಬಂತಲ್ಲ, ಸಾಕು! ಅವತ್ತೇ ಅವರ ಮುಖ್ಯಸ್ಥ ಅವಳನ್ನು ಕರೆದು, “ಈ ಪ್ಯಾಟರ್ನ್‌ಗಳನ್ನ ಬಿಗಿ ಮಾಡಮ್ಮಾ,” ಎಂದಿದ್ದ. ಅವನಿಗೆ ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಹಡಗು ಇರಲಿ, ಅವನಿಗೆ ಈಜಲೂ ಬರುತ್ತಿರಲಿಲ್ಲ.

ಬಿಗಿ ಮಾಡುವ ಕೆಲಸ ಜರಡಿಗೆ ಹಿಡಿಸಿತ್ತು. ಎಲ್ಲಿ ‘ಏನಾದರೂ ಸರಿ’ ಎಂದಿದೆಯೋ ಅಲ್ಲಿ ‘ಇದೇ ಆಗಬೇಕು’ ಎಂದು ಬರೆಯುವುದು. ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಒಂದು ಗುರುತು ಹಾಕುವುದು; ಅದಕ್ಕೆ ಅವರು ಗೂಟ ಎನ್ನುತ್ತಿದ್ದರು. ಗೂಟ ಹೊಡೆದರೆ ಆಚೆಗೆ ಒಂದಕ್ಷರವೂ ಮಿಕ್ಕುವಂತಿಲ್ಲ. ಗುರುವಾರ ಅವಳು ಹೀಗೆ ಬಿಗಿ ಮಾಡಿದ ಒಂದು ದೊಡ್ಡ ಕಂತನ್ನು ಒಪ್ಪಿಸಿ ಮನೆಗೆ ಹೋಗಿದ್ದಳು. ಹೊರಡುವ ಆತುರದಲ್ಲಿ ಕೊನೆಯ ಒಂದೆರಡನ್ನು ಓಡಿಸಿ ನೋಡಿರಲಿಲ್ಲ; ಉಳಿದವೆಲ್ಲ ಅವಳ ಯಂತ್ರದಲ್ಲಿ ಪಾಸಾಗಿದ್ದವು.

ಶುಕ್ರವಾರ ಕೋಣೆಗೆ ಕಾಲಿಟ್ಟರೆ ಗೋಡೆಯ ಮೇಲೆ ಅರ್ಧ ಪರದೆ ಕೆಂಪು. ಕ್ಯಾಪ್ಟನ್ ಅದರ ಮುಂದೆ ಚಹಾದ ಲೋಟ ಹಿಡಿದು ನಿಂತಿದ್ದ. ಬೈಯುವ ಮನುಷ್ಯನಲ್ಲ ಅವನು, ಅದೇ ಕಷ್ಟ.

“ಜರಡಿ, ಒಂದು ಮಾತು ಕೇಳ್ಲಾ?”

“ಕೇಳಿ.”

“ಲೋಕದಲ್ಲಿರೋ ಪ್ರೋಗ್ರಾಮ್‌ಗಳೆಲ್ಲ ನಿನ್ನ ಮನೇಲೇ ವಾಸ ಮಾಡ್ಬೇಕಾ?”

ಅವಳು ಓಡಿಹೋಗಿ ನೋಡಿದಳು. ನೋಡಿ ಹಣೆ ಚಚ್ಚಿಕೊಂಡಳು. ಡೀಬಗರ್ ಉತ್ತರ ಕೊಡುವಾಗ ‘ಈ ಪ್ರೋಗ್ರಾಮ್ ಇಂಥ ಯಂತ್ರದ ಇಂಥ ಫೋಲ್ಡರಿನಲ್ಲಿದೆ’ ಎಂದೂ ಹೇಳುತ್ತದೆ. ಅವಳು ತನ್ನ ಯಂತ್ರದಲ್ಲಿ ಬಂದ ಉತ್ತರವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಪ್ಯಾಟರ್ನಿನಲ್ಲಿ ಕೂರಿಸಿದ್ದಳು. ಅದರ ಜೊತೆ ‘ಜರಡಿ’ ಎಂಬ ಅವಳ ಫೋಲ್ಡರಿನ ಹೆಸರೂ ಕೂತಿತ್ತು. ಗೋಡೆಯ ಪರದೆಗೆ ಫಲಿತಾಂಶ ಕಳಿಸುವ, ಎಲ್ಲರಿಗೂ ಸೇರಿದ ಯಂತ್ರದಲ್ಲಿ ಆ ಫೋಲ್ಡರ್ ಎಲ್ಲಿಂದ ಬರಬೇಕು? ಅತಿಯಾದರೆ ಅಮೃತವೂ ವಿಷ; ಸಡಿಲವಾದದ್ದನ್ನು ಬಿಗಿ ಮಾಡಲು ಹೋಗಿ ಉಸಿರೇ ಕಟ್ಟಿಸಿದ್ದಳು.

ಕೋಣೆಯಲ್ಲಿ ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಿವಿ ಮಾತ್ರ ಬಿಸಿಯಾಗಿತ್ತು. ಕೂತು ಒಂದೊಂದನ್ನೇ ಸರಿಪಡಿಸಿದಳು: ಫೋಲ್ಡರ್ ಯಾವುದಾದರೂ ಇರಲಿ, ಫೈಲಿನ ಹೆಸರು ಮಾತ್ರ ಇದೇ ಇರಬೇಕು. ಸಡಿಲ ಎಲ್ಲಿ, ಬಿಗಿ ಎಲ್ಲಿ ಎಂದು ತಿಳಿಯುವುದೇ ಈ ಕೆಲಸದ ಅರ್ಧ. ಮಧ್ಯಾಹ್ನದ ಹೊತ್ತಿಗೆ ಪರದೆ ಮತ್ತೆ ಹಸಿರಾಗುತ್ತ ಬಂತು. ಒಂದು ಚೌಕ ಮಾತ್ರ, ಕೆಳಗಿನ ಸಾಲಿನ ಮೂಲೆಯಲ್ಲಿ, ಕೆಂಪಾಗೇ ಉಳಿಯಿತು.

“ಅದೊಂದನ್ನ ಹಳೇ ಹಾಗೇ ಬಿಟ್ಬಿಡು,” ಎಂದ ಕ್ಯಾಪ್ಟನ್. “ಸೋಮವಾರ ಹೊಸ ಆವೃತ್ತಿ ಹೊರಡಬೇಕು. ಅದೂ ನಿನ್ನ ಫೋಲ್ಡರ್ ಕಥೆಯೇ ಇರುತ್ತೆ.”

ಅವಳಿಗೂ ಹಾಗೇ ಅನ್ನಿಸಿತ್ತು. ಬೆಳಿಗ್ಗೆಯಿಂದ ತಪ್ಪಿನ ಮೇಲೆ ತಪ್ಪು ತನ್ನದೇ ಎಂದು ಸಾಬೀತಾದ ಮೇಲೆ ಇನ್ನೊಂದರಲ್ಲಿ ತಾನು ಸರಿ ಎನ್ನಲು ಧೈರ್ಯ ಎಲ್ಲಿಂದ ಬರಬೇಕು? ಹಳೆಯ ಪ್ಯಾಟರ್ನ್ ವಾಪಸು ತರುವ ಕೀಲಿಯ ಮೇಲೆ ಬೆರಳಿಟ್ಟಳು. ಒತ್ತುವ ಮುಂಚೆ, ಕೇವಲ ಚಪಲಕ್ಕೆ, ಆ ಪರೀಕ್ಷೆಯಲ್ಲಿ ಫೋಲ್ಡರ್ ಎಲ್ಲಿದೆ ಎಂದು ಕಣ್ಣಾಡಿಸಿದಳು.

ಫೋಲ್ಡರ್ ಇರಲೇ ಇಲ್ಲ. ಬರೀ ಒಂದು ಅಂಕಿ ಇತ್ತು.

ಚಿಕ್ಕ ಪರೀಕ್ಷೆ ಅದು. ಪ್ರೋಗ್ರಾಮಿನ ಹೊರಗಿನ ಭಾಗದಲ್ಲಿ ಒಂದು ಅಂಕಿಗೆ ಒಂದು ಹೆಸರು, ಅದರ ಬೆಲೆ 4. ಹೊರಗಿನ ಭಾಗ ಕರೆಯುವ ಒಳಗಿನ ಭಾಗದಲ್ಲಿ ಅದೇ ಹೆಸರಿನ ಇನ್ನೊಂದು ಅಂಕಿ, ಅದರ ಬೆಲೆ 42. ಒಳಗೆ ನಿಲ್ಲಿಸಿ ಒಮ್ಮೆ ಬೆಲೆ ಕೇಳಬೇಕು, ಒಂದು ಮೆಟ್ಟಿಲು ಹತ್ತಿ ಹೊರಗಿನ ಭಾಗಕ್ಕೆ ಬರಬೇಕು, ಬೆಲೆ ಎಷ್ಟು ಎಂದು ಮತ್ತೆ ಕೇಳಬೇಕು. ‘= 4’ ಎಂದು ಬಂದರೆ ಪಾಸು. ಹಳೆಯ ಪ್ಯಾಟರ್ನಿನಲ್ಲಿ ನಾಲ್ಕರ ಆಚೆ ಗೂಟ ಇರಲಿಲ್ಲ. ಗುರುವಾರ ಹೊರಡುವ ಮುನ್ನ ಅವಳು ಹೊಡೆದಿದ್ದಳು. ಈಗ ಡೀಬಗರ್ ಕೊಟ್ಟ ಉತ್ತರ ಪರದೆಯ ಮೇಲೆ ಕೂತಿತ್ತು: ‘= 42’.

ನಾಲ್ಕರಿಂದ ಶುರುವಾಯಿತಲ್ಲ, ಸಾಕು ಎಂದು ಹಳೆಯ ಪರೀಕ್ಷೆ ಎಂದಿನಿಂದಲೋ ತಲೆಯಾಡಿಸುತ್ತ ಬಂದಿತ್ತು. ಡೀಬಗರ್ ನಾಲ್ಕು ಕೇಳಿದವನಿಗೆ ನಲವತ್ತೆರಡು ಕೊಟ್ಟು ಕಳಿಸುತ್ತಿತ್ತು.

ಅವಳು ಕೈಯಾರೆ ಮತ್ತೊಮ್ಮೆ ಮಾಡಿ ನೋಡಿದಳು. ಒಳಗೆ ನಿಂತು ಕೇಳಿದಳು, ಮೆಟ್ಟಿಲು ಹತ್ತಿದಳು, ಮತ್ತೆ ಕೇಳಿದಳು. 42. ಗಂಟೆ ಬಾರಿಸೋ ಭಾಗದಲ್ಲಿ ನಿಲ್ಲಿಸ್ತೀನಿ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಿ... ಗಂಡನ ಮಾತು ಅಕ್ಷರಕ್ಕೆ ಅಕ್ಷರ ನೆನಪಾಯಿತು. ಗಂಟೆಗೊಂದು ‘ಹೊತ್ತು’, ಬಾಗಿಲಿಗೊಂದು ‘ಹೊತ್ತು’. ಎಷ್ಟು ಕಾಲ ಬಾರಿಸಬೇಕು, ಎಷ್ಟು ಕಾಲ ಕಾಯಬೇಕು. ಹೆಸರು ಒಂದೇ.

ಅವಳಿಗೆ ಮೊದಲು ಬಂದದ್ದು ಸಂತೋಷ. ಎದ್ದು ಕುಣಿಯಬೇಕೆನಿಸುವ ಸಂತೋಷ: ಅವನ ತಲೆ ಸರಿಯಾಗಿದೆ! ಅದರ ಬೆನ್ನಿಗೇ ನಾಚಿಕೆ ಬಂತು. ಅಷ್ಟು ಸರಿಯಾಗಿ, ಬೆರಳಿಟ್ಟು ತೋರಿಸಿದ ಹಾಗೆ ಹೇಳಿದ್ದನ್ನು ಅವಳು ಒಂದು ಗಾದೆ ಹೇಳಿ ತಳ್ಳಿಹಾಕಿದ್ದಳು. ತಾನು ಆಫೀಸಿನಲ್ಲಿ ಕೂತು ಊರಿನ ಚುಕ್ಕಿ ನಕ್ಷತ್ರಗಳನ್ನೆಲ್ಲ ಕೀಳುತ್ತಿದ್ದಾಗ ಮನೆಯಲ್ಲಿ ಗಂಡನ ಮಾತಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ.

“ಕ್ಯಾಪ್ಟನ್, ಇಲ್ಲಿ ಬನ್ನಿ.”

ಅವನು ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಯಾರಪ್ಪಾ ಬರೆದದ್ದು ಇದನ್ನ, ಗೂಟಾನೇ ಹೊಡೀದೆ?”

ಅವಳು ಪರೀಕ್ಷೆಯ ನೆತ್ತಿಯ ಮೇಲಿದ್ದ ಹೆಸರಿನ ಕಡೆ ಬೆರಳು ತೋರಿಸಿದಳು. ಅದು ಕ್ಯಾಪ್ಟನ್‌ದೇ ಹೆಸರು. ಅವನು ಇನ್ನೂ ಯಾರಿಗೂ ಕ್ಯಾಪ್ಟನ್ ಆಗಿರದ ಕಾಲದ್ದು.

“ಓಹೋ,” ಎಂದ. ಲೋಟದಲ್ಲಿ ಚಹಾ ಇಲ್ಲದಿದ್ದರೂ ಒಂದು ಗುಟುಕು ಕುಡಿದ. “ಆಗ ನಂಗೆ ತಲೆತುಂಬ ಕೂದಲಿತ್ತು. ಬುದ್ಧಿ ಇರಲಿಲ್ಲ.” ಆಮೇಲೆ ಕೋಣೆಗೆಲ್ಲ ಕೇಳುವಂತೆ, “ಸೋಮವಾರ ಏನೂ ಹೊರಡಲ್ಲ ಕಣ್ರಪ್ಪಾ. ನಮ್ಮದು ಸುಳ್ಳು ಹೇಳ್ತಿದೆ,” ಎಂದ.

ಎಲ್ಲರೂ ಕುರ್ಚಿ ಎಳೆದುಕೊಂಡು ಬಂದರು. ಒಂದು ಸಲ ಕೆಂಪು ಬೆಳಕು ಬಿದ್ದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಡೀಬಗರ್ ಒಮ್ಮೆ ಕಂಡ ಹೆಸರಿನ ಬೆಲೆಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಮೆಟ್ಟಿಲು ಬದಲಾದರೂ ಹೋಗಿ ನೋಡುವ ಗೋಜಿಗೆ ಹೋಗದೆ ನೆನಪಿನಲ್ಲಿದ್ದುದನ್ನೇ ಒಪ್ಪಿಸುತ್ತಿತ್ತು. ಮೈಗಳ್ಳರ ಕೆಲಸ ಎಲ್ಲೆಲ್ಲೂ ಒಂದೇ ಥರ.

ಅವಳು ಫೋನ್ ಎತ್ತಿಕೊಂಡಳು, ಗಂಡನ ನಂಬರ್ ಒತ್ತಲು ಹೋದಳು, ಮತ್ತೆ ಕೆಳಗಿಟ್ಟಳು. ಫೋನಿನಲ್ಲಿ ಅವನು ‘ಹೂಂ, ಆಯ್ತು’ ಎಂದುಬಿಟ್ಟರೆ? ಈ ಮಾತನ್ನು ಅವನ ಮುಖ ನೋಡಿ ಹೇಳಬೇಕಿತ್ತು. ಕ್ಯಾಪ್ಟನ್‌ಗೆ ಹೇಳಿ ಬೇಗ ಹೊರಟಳು. ಬಸ್ಸಿನಲ್ಲಿ ಜಾಗ ಇದ್ದರೂ ಕೂರಲಾಗಲಿಲ್ಲ.

ಸಂಜೆ ಮೂವರೂ ಊಟಕ್ಕೆ ಕೂತಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಬೇಯಿಸಿದ ಕೋಸು, ಬಟಾಣಿ, ಅನ್ನ, ಬೇಳೆ. ಡಬ್ಬಿ ಅತ್ತೆಯ ಮಡಿಲಲ್ಲಿತ್ತು.

“ಹೇಗಿದೆಯೋ ಕೋಸು?” ಎಂದರು ಅತ್ತೆ, ದಿನದ ಪ್ರಶ್ನೆ.

“ಚೆನ್ನಾಗಿದೆ.”

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಚಮಚ ಕೆಳಗಿಟ್ಟಳು.

“ರೀ, ನೆಲ ಡೊಂಕಿತ್ತು.”

“ಯಾವ ನೆಲ? ಬಚ್ಚಲಿಂದಾ? ಕೆಲಸದವನಿಗೆ ಹೇಳೋಣ ಬಿಡು.”

“ನಮ್ಮ ಆಫೀಸಿಂದು. ಅವತ್ತು ನಾನು ಗಾದೆ ಹೇಳಿದ್ನಲ್ಲ, ಕುಣಿಯೋಕೆ ಬರದವಳು ಅಂತ. ನಿಮಗೆ ಕುಣಿಯೋಕೆ ಬರುತ್ತೆ. ನೆಲಾನೇ ಡೊಂಕಿತ್ತು. ಒಳಗೂ ಹೊರಗೂ ಒಂದೇ ಹೆಸರಿದ್ರೆ, ಮೆಟ್ಟಿಲು ಹತ್ತಿ ಕೇಳಿದಾಗ ನಮ್ಮ ಡೀಬಗರ್ ಒಳಗಿಂದನ್ನೇ ತೋರಿಸುತ್ತೆ. ಇವತ್ತು ನನ್ನ ಕೈಗೆ ಸಿಕ್ತು. ನೀವು ಹೇಳಿದ್ದು ಹೇಳಿದ ಹಾಗೇ.”

ಅವನು ತುತ್ತು ಕೈಯಲ್ಲೇ ಹಿಡಿದು ಕೂತ. ಅವಳು ‘ಹೂಂ’ ಬರಬಹುದೆಂದು ಹೆದರಿದಳು.

“ಹೆಸರು ಒಂದೇ ಇದ್ದಾಗ ಮಾತ್ರಾನಾ?”

“ಒಂದೇ ಇದ್ದಾಗ ಮಾತ್ರ.”

“ಒಳಗಿಂದನ್ನ ಮೊದಲು ಒಂದ್ಸಲ ಕೇಳಿರಬೇಕಾ?”

“ಹೌದು.”

“ನಾನು ಪ್ರತೀ ಸಲ ಮೊದಲು ಗಂಟೆಯದ್ದೇ ಕೇಳ್ತಿದ್ದೆ.” ಅವನು ತಟ್ಟೆಯಲ್ಲಿ ಒಂದು ಬಟಾಣಿಯನ್ನು ಈಚೆಗೆ, ಒಂದನ್ನು ಆಚೆಗೆ ಸರಿಸಿದ. “ಅಂದ್ರೆ ನಾನು ನೋಡಿದ್ದು ಗಂಟೆಯ ಹೊತ್ತು. ಬಾಗಿಲಿನ ಹೊತ್ತು ಸರಿಯಾಗೇ ಇತ್ತು. ಇಷ್ಟು ದಿನ ಸರಿ ಇದ್ದದ್ದನ್ನೇ ರಿಪೇರಿ ಮಾಡ್ತಾ ಕೂತಿದ್ದೆ ನಾನು! ಹಾಗಾದ್ರೆ ಬಾಗಿಲು ಆತುರ ಮಾಡೋದು... ಅಡ್ಡ ಯಾರಿದ್ದಾರೆ ಅಂತ ನೋಡೋ ಸೆನ್ಸರ್ ಕಡೆ. ಅಲ್ಲೇ. ಅಲ್ಲಿ ನಾನು ನೋಡೇ ಇಲ್ಲ.” ತಲೆಯೆತ್ತಿ ಹೆಂಡತಿಯನ್ನು ನೋಡಿದ. “ನಾನು ಹೇಳಿದ್ದೆ ಅಲ್ವಾ?”

“ಹೇಳಿದ್ರಿ. ನಾನು ಕೇಳಲಿಲ್ಲ. ತಪ್ಪು ನಂದು.”

“ಪೂರ್ತಿ ನಿಂದಾ, ಸ್ವಲ್ಪ ಕ್ಯಾಪ್ಟನ್‌ದೂ ಇದೆಯಾ?”

“ಗೂಟ ಮರೆತದ್ದು ಅವರು. ಗಾದೆ ಹೇಳಿದ್ದು ನಾನೇ.”

ಅವನು ನಕ್ಕ. ಈ ನಗು ಅವತ್ತಿನ ನಗುವಲ್ಲ ಎಂದು ಅವಳಿಗೆ ತಿಳಿಯಿತು. ಇದರಲ್ಲಿ ಕಣ್ಣೂ ಸೇರಿತ್ತು.

“ಸೋಮವಾರ ಏನೋ ಹೇಳ್ತೀನಿ ಅಂತಿದ್ಯಂತಲ್ಲೋ ಸಾಹೇಬರಿಗೆ?” ಎಂದರು ಅತ್ತೆ, ಇಷ್ಟು ಹೊತ್ತು ಒಂದು ಮಾತೂ ಅರ್ಥವಾಗದೆ ಕೂತಿದ್ದವರು.

“ಹೇಳೋದೇನಿದೆ? ಗೋಪುರದ ಬೀಗದ ಕೈ ಕೇಳ್ತೀನಿ.”

ಹಾಗೆಂದು ಅವನು ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟ. ಅಗಿದ. ಅಗಿಯುವುದು ನಿಧಾನವಾಯಿತು, ನಿಂತಿತು. ಹುಬ್ಬು ಮೇಲೇರಿತು. ಮೇಜಿನ ಕೆಳಗೆ ಅತ್ತೆಯಿಂದ ಸೊಸೆಗೆ ಹೊರಟಿದ್ದ ಡಬ್ಬಿ ಇಬ್ಬರ ಕೈಯ ನಡುವೆ ನಿಂತಿತು.

“ಅಮ್ಮಾ.”

“ಏನೋ?”

“ಇದಕ್ಕೆ ಉಪ್ಪು ಹಾಕಿಲ್ಲ ನೀನು.”

ಅವನು ಬೇಳೆಯನ್ನು ಬೆರಳಿನಿಂದ ಮುಟ್ಟಿ ನೆಕ್ಕಿ ನೋಡಿದ.

“ಇದಕ್ಕೂ ಹಾಕಿಲ್ಲ.” ಸ್ವಲ್ಪ ಯೋಚಿಸಿದ. “ನಿನ್ನೇನೂ ಹಾಕಿರಲಿಲ್ಲ ಅಲ್ವಾ? ಮೊನ್ನೆ ಹುರುಳಿಕಾಯಿಗೂ ಇರಲಿಲ್ಲ. ನಂಗೆ ಗೊತ್ತಾಗಿತ್ತು. ಆದ್ರೆ ನನ್ನ ನಾಲಿಗೇನೇ ಕೆಟ್ಟಿರಬೇಕು ಅಂದ್ಕೊಂಡು ಸುಮ್ಮನಾದೆ.”

ಅತ್ತೆ ಡಬ್ಬಿಯನ್ನು ಮೇಲೆತ್ತಿ ಮೇಜಿನ ನಡುವೆ ಕುಕ್ಕಿದರು. “ಹಾಕಿರಲಿಲ್ಲ ಕಣೋ, ಒಂದು ಹರಳೂ ಹಾಕಿರಲಿಲ್ಲ,” ಎಂದು ಮುಚ್ಚಳ ತೆಗೆದು ಮಗನ ಕಡೆ ತಳ್ಳಿದರು. ಅವನು ತನ್ನ ಕೈಯಾರೆ ಚಿಟಿಕೆ ಉಪ್ಪು ಉದುರಿಸಿ, ಕಲಸಿ, ರುಚಿ ನೋಡಿದ. ಇನ್ನೂ ಸ್ವಲ್ಪ ಬೇಕು ಎಂದ.